ಕರೆಂಟು ಹೋದ ಮಧ್ಯಾಹ್ನಗಳು

ಮೂವತ್ತಾರು ವರ್ಷ ನಾನು ಬೈಸಿಕೊಂಡು ಬದುಕಿದವನು. ಇದನ್ನು ದುಃಖದಿಂದ ಹೇಳುತ್ತಿಲ್ಲ. ಕೆಲವರು ಪಾಠ ಹೇಳಿ ಬದುಕುತ್ತಾರೆ, ಕೆಲವರು ಅಂಗಡಿ ಇಟ್ಟು ಬದುಕುತ್ತಾರೆ, ನಾನು ದೊಡ್ಡಬಳ್ಳಾಪುರದಲ್ಲಿ ಲೈನ್‌ಮನ್ ಆಗಿದ್ದೆ. ಬೇರೆ ಊರುಗಳಲ್ಲಿ ಕರೆಂಟು ಹೋದರೆ ಫ್ಯಾನು ನಿಲ್ಲುತ್ತದೆ, ಟೀವಿ ನಿಲ್ಲುತ್ತದೆ, ಜನ ಉಸ್ಸೆಂದು ಬೀಸಣಿಗೆ ಹುಡುಕುತ್ತಾರೆ. ನಮ್ಮೂರಿನಲ್ಲಿ ಕರೆಂಟು ಹೋದರೆ ಸೀರೆ ನಿಲ್ಲುತ್ತದೆ. ಅರ್ಧ ನೆಯ್ದ ಸೆರಗಿನ ಮುಂದೆ ಕೈಕಟ್ಟಿ ನಿಂತ ಮನುಷ್ಯನ ಬಾಯಿಂದ ಎಂಥ ಮಾತು ಬರುತ್ತದೆ ಎಂಬುದನ್ನು ಕೇಳಿಯೇ ತಿಳಿಯಬೇಕು.

ನಾನು ಹುಟ್ಟಿದ್ದು ತ್ಯಾಮಗೊಂಡ್ಲು ಕಡೆಯ ಹಳ್ಳಿಯಲ್ಲಿ. ಕೆಲಸ ಸಿಕ್ಕಿದ ಹೊಸದರಲ್ಲಿ ಬಾಡಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ ನೇಕಾರರ ಬೀದಿಯಲ್ಲಿ ಮನೆ ಹಿಡಿದೆ. ಬಾಡಿಗೆ ಯಾಕೆ ಕಡಿಮೆ ಎಂದು ಕೇಳಬೇಕೆಂದು ತೋಚಲಿಲ್ಲ. ಎರಡೂ ಪಕ್ಕದಲ್ಲಿ ಮಗ್ಗ, ಹಿಂದೆ ಮಗ್ಗ, ಎದುರಿಗೆ ಮಗ್ಗ. ಆಮೇಲೆ ಅದೇ ಬೀದಿಯಲ್ಲಿ ಸ್ವಂತ ಮನೆಯನ್ನೂ ಕಟ್ಟಿಸಿದೆ. ಅಷ್ಟು ಹೊತ್ತಿಗೆ ಆ ಸದ್ದು ನನ್ನ ಕಿವಿಗೆ ಬೀಳುವುದನ್ನೇ ಬಿಟ್ಟಿತ್ತು. ಬೀಳುತ್ತಿದ್ದದ್ದು ಎದುರುಮನೆಯ ಯಜಮಾನರ ದನಿ ಮಾತ್ರ.

ಯಜಮಾನರು ನನಗಿಂತ ಆರು ವರ್ಷ ದೊಡ್ಡವರು. ನಾಲ್ಕು ಮಗ್ಗ ಇಟ್ಟುಕೊಂಡು, ಒಬ್ಬ ಆಳಿನ ಜೊತೆ ತಾವೂ ನಿಂತು ಸೀರೆ ನೇಯುವವರು. ಬೆಳ್ಳಗೆ, ತೆಳ್ಳಗೆ, ಹೆಗಲ ಮೇಲೆ ಸದಾ ಒಂದು ಟವೆಲು. ಕರೆಂಟು ಹೋದ ಗಳಿಗೆಯಲ್ಲಿ ಅವರು ಬೀದಿಗೆ ಬಂದು, ನನ್ನ ಮನೆಯ ಬಾಗಿಲಿಗೆ ಮುಖ ಮಾಡಿ, "ಇವನ ಕಂಬಕ್ಕೆ ಗೆದ್ದಲು ಹತ್ತ!" ಎಂದು ಶುರುಮಾಡುತ್ತಿದ್ದರು. ಮರದ ಕಂಬಗಳು ಹೋಗಿ ಸಿಮೆಂಟಿನ ಕಂಬಗಳು ಬಂದವು. ಅವರು ಬೈಗುಳವನ್ನು ಬದಲಾಯಿಸಲಿಲ್ಲ.

ಮೊನ್ನೆ ಫೆಬ್ರವರಿ ಕೊನೆಗೆ ನಾನು ನಿವೃತ್ತನಾದೆ. ಆಫೀಸಿನಲ್ಲಿ ಶಾಲು ಹೊದಿಸಿದರು, ತಲೆಗೆ ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು. ನನ್ನ ಕೈಕೆಳಗೆ ಕೆಲಸ ಕಲಿತು ಈಗ ನನ್ನ ಜಾಗಕ್ಕೆ ಬಂದಿದ್ದ ಲೈನ್‌ಮನ್, ಎಲ್ಲರ ಪರವಾಗಿ ಒಂದು ದೊಡ್ಡ ಪೆಟ್ಟಿಗೆ ತಂದು ಮುಂದಿಟ್ಟ. ಬಿಚ್ಚಿ ನೋಡಿದರೆ ಬ್ಯಾಟರಿ ಫ್ಯಾನು.

"ಕರೆಂಟ್ ಹೋದ್ರೂ ಐದು ಗಂಟೆ ತಿರುಗುತ್ತೆ ಸಾರ್," ಎಂದ ಹೆಮ್ಮೆಯಿಂದ.

ಯಾರೂ ನಗಲಿಲ್ಲ. ಆ ವಿಷಯಕ್ಕೆ ನಗುವ ಪದ್ಧತಿ ನಮ್ಮ ಆಫೀಸಿನಲ್ಲಿ ಇರಲಿಲ್ಲ.

ನಾನು ಕೆಲಸ ಬಿಟ್ಟೆನೇ ಹೊರತು ಕೆಲಸ ನನ್ನನ್ನು ಬಿಡಲಿಲ್ಲ. ನಾಲ್ಕು ಬೀದಿಗಳ ಟ್ರಾನ್ಸ್‌ಫಾರ್ಮರ್ ಕಂಬಗಳ ಮೇಲೆ ನನ್ನ ಮೊಬೈಲ್ ನಂಬರು ಕೆಂಪು ಬಣ್ಣದಲ್ಲಿ ಇತ್ತು. ಬರೆದವನು ನಾನೇ. ಮಾರ್ಚ್ ತಿಂಗಳು ಪೂರ್ತಿ ಫೋನು ಬರುತ್ತಲೇ ಇತ್ತು.

"ಸಾರ್, ಕರೆಂಟ್ ಹೋಗಿದೆ."

"ನಾನು ರಿಟೈರ್ ಆದೆ ಕಣಪ್ಪಾ."

"ಹೌದಾ ಸಾರ್? ಒಳ್ಳೇದಾಯ್ತು ಬಿಡಿ, ರೆಸ್ಟ್ ತಗೊಳ್ಳಿ. ಎಷ್ಟೊತ್ತಿಗೆ ಬರುತ್ತೆ?"

"ಇನ್ನರ್ಧ ಗಂಟೆ," ಎಂದುಬಿಡುತ್ತಿದ್ದೆ. ಅದು ನಾನು ಆಡುತ್ತಿದ್ದ ಮಾತಲ್ಲ, ನಾಲಿಗೆಯೇ ಆಡುತ್ತಿದ್ದ ಮಾತು. ಫ್ಯೂಸು ಹೋಗಿರಲಿ, ಕಂಬವೇ ಕೆರೆಯೊಳಕ್ಕೆ ಮಲಗಿರಲಿ, ಮೂವತ್ತಾರು ವರ್ಷ ನಾನು ಕೊಟ್ಟ ಉತ್ತರ ಅದೊಂದೇ. ಅದನ್ನು ಯಾರೂ ನಂಬುತ್ತಿರಲಿಲ್ಲ. ಕೇಳುವುದನ್ನೂ ಯಾರೂ ಬಿಡುತ್ತಿರಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಬಣ್ಣದ ಡಬ್ಬಿ, ಬ್ರಷ್ಷು ಹಿಡಿದು ಹೊರಟೆ. ಎರಡನೇ ಬೀದಿಯ ಕಂಬದ ಬುಡದಲ್ಲಿ ಸೊಪ್ಪು ಮಾರುವ ಹೆಂಗಸು ಕೂತಿದ್ದಳು. ನಾನು ನಂಬರು ಅಳಿಸುವುದನ್ನು ಸ್ವಲ್ಪ ಹೊತ್ತು ನೋಡಿ, "ಏನ್ ಸಾಮಿ, ಅಳಿಸ್ತಾ ಇದೀರಲ್ಲ, ಇನ್ಮೇಲೆ ನಾವು ಯಾರನ್ನ ಬೈಯೋದು?" ಎಂದಳು. ಕುಚೋದ್ಯವಲ್ಲ, ನಿಜವಾದ ಚಿಂತೆಯಿಂದಲೇ ಕೇಳಿದಳು. ಅದೇ ಜಾಗದಲ್ಲಿ ನನ್ನ ಶಿಷ್ಯನ ನಂಬರು ಬರೆದು ಅವಳ ಚಿಂತೆ ಕಳೆದೆ.

ಫೋನು ನಿಂತಿತು. ಈಗ ನಿಜವಾಗಿಯೂ ನಿವೃತ್ತಿ ಶುರುವಾಯಿತು. ಏಳು ಗಂಟೆಯವರೆಗೆ ಮಲಗಿದೆ. ಪೇಪರನ್ನು ಟೆಂಡರು ನೋಟೀಸಿನ ತನಕ ಓದಿದೆ. ಬೀದಿ ಕೊನೆಯ ಹೊಂಗೆ ಮರದ ಕೆಳಗೆ ಕೂತು ಎದ್ದು ಬಂದೆ. ಆದರೆ ನಡೆಯುವಾಗ ಕಣ್ಣು ನೆಲದ ಮೇಲೆ ನಿಲ್ಲುತ್ತಿರಲಿಲ್ಲ, ತಂತಿಯ ಮೇಲೇ ಹೋಗುತ್ತಿತ್ತು. ಎಲ್ಲಿ ಜೋತುಬಿದ್ದಿದೆ, ಎಲ್ಲಿ ಕೊಂಬೆ ತಾಗುತ್ತಿದೆ ಎಂದು ಲೆಕ್ಕ ಹಾಕುತ್ತ ಹೋಗುತ್ತಿದ್ದೆ.

"ಮೇಲೆ ನೋಡ್ಕೊಂಡು ನಡೀಬೇಡ್ರಿ, ಚರಂಡಿಗೆ ಬಿದ್ದೀರ," ಎಂದಳು ನನ್ನ ಹೆಂಡತಿ. "ಕಂಬದ ಮೇಲಿಂದ ಬೀಳದೇ ಇದ್ದೋರು ಚರಂಡಿಗೆ ಬಿದ್ರು ಅಂತ ಆಗ್ಬಾರ್ದು."

ಏಪ್ರಿಲ್ ಮೊದಲ ವಾರ ಇರಬೇಕು. ಮುದ್ದೆ, ಸೊಪ್ಪಿನ ಸಾರು ಉಂಡು, ಚಾಪೆಯ ಮೇಲೆ ಉರುಳಿದ್ದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ನೋಡುತ್ತಿದ್ದಂತೆಯೇ ಅದರ ರೆಕ್ಕೆಗಳು ಒಂದೊಂದಾಗಿ ಕಾಣಿಸತೊಡಗಿದವು. ತಟ್ಟನೆ ಎದ್ದು ಕೂತು ಕಾಲಿನಲ್ಲಿ ಚಪ್ಪಲಿ ಹುಡುಕಿದೆ, ಕೈ ಗೋಡೆಯ ಮೊಳೆಗೆ ಹೋಯಿತು. ಕಟಿಂಗ್ ಪ್ಲೇಯರ್ ಇರುತ್ತಿದ್ದ ಚೀಲ ಅಲ್ಲಿರಲಿಲ್ಲ. ಆಮೇಲೆ ನೆನಪಾಯಿತು. ಇದು ನನ್ನ ಕರೆಂಟಲ್ಲ. ಎಲ್ಲರ ಹಾಗೆ ನಾನೂ ಬೆವರಬಹುದು.

ಆಗಲೇ ಆ ಮೌನ ಗಮನಕ್ಕೆ ಬಂದದ್ದು. ಎಲ್ಲ ಮಗ್ಗಗಳೂ ನಿಂತಿದ್ದವು. ಗೋಡೆ ಗಡಿಯಾರದ ಸದ್ದು ಕೇಳಿಸಿತು. ಎಲ್ಲೋ ಒಂದು ಅಳಿಲು ಚಿಟಕ್ ಚಿಟಕ್ ಎನ್ನುತ್ತಿತ್ತು. ಇಷ್ಟು ವರ್ಷ ಈ ಬೀದಿಯಲ್ಲಿ ಇದ್ದೂ ಕರೆಂಟು ಹೋದಾಗ ಈ ಬೀದಿ ಹೇಗಿರುತ್ತದೆ ಎಂದು ನಾನು ನೋಡಿಯೇ ಇರಲಿಲ್ಲ. ಕರೆಂಟು ಹೋದಾಗೆಲ್ಲ, ಯಜಮಾನರ ಮೊದಲ ಬೈಗುಳ ಮುಗಿಯುವುದರೊಳಗೆ ನಾನು ಚೀಲ ಹಿಡಿದು ಬೇರೆಲ್ಲೋ ಕಂಬದ ಕಡೆಗೆ ಓಡಿರುತ್ತಿದ್ದೆ. ಮಾರ್ಚ್ ತಿಂಗಳು ಫೋನಿಗೆ ಉತ್ತರ ಕೊಡುವುದರಲ್ಲೇ ಕಳೆದಿತ್ತು.

ಬಾಗಿಲುಗಳ ಚಿಲಕ ತೆಗೆಯುವ ಸದ್ದು ಕೇಳಿಸಿತು. ನೀರು ತರಲು ಹೆಂಡತಿಯನ್ನು ಕೂಗಿದೆ. ಉತ್ತರವಿಲ್ಲ. ಅಡಿಗೆಮನೆಯಲ್ಲೂ ಇಲ್ಲ, ಹಿತ್ತಿಲಲ್ಲೂ ಇಲ್ಲ. ಮುಂಬಾಗಿಲಿಗೆ ಬಂದು ನೋಡಿದರೆ, ಎದುರುಮನೆಯ ಕಲ್ಲಿನ ಜಗಲಿಯ ಮೇಲೆ ಯಜಮಾನರು, ಅವರ ಅಕ್ಕ, ನನ್ನ ಹೆಂಡತಿ ಮೂವರೂ ತಲೆ ತಗ್ಗಿಸಿ ಏನನ್ನೋ ಸುತ್ತುವರಿದು ಕೂತಿದ್ದಾರೆ. ಯಾರಿಗೋ ಬಿಸಿಲಿಗೆ ತಲೆಸುತ್ತು ಬಂದು ಬಿದ್ದಿದ್ದಾರೆಂದು ಬರಿಗಾಲಲ್ಲೇ ಓಡಿದೆ.

ಯಾರೂ ಬಿದ್ದಿರಲಿಲ್ಲ. ಜಗಲಿಯ ಕಲ್ಲಿನಲ್ಲೇ ಚೌಕಾಬಾರದ ಮನೆಗಳನ್ನು ಕೆತ್ತಿದ್ದರು. ಸಾಲಿಗೆ ಐದರಂತೆ ಐದು ಸಾಲು. ಸವೆದು ಸವೆದು ಗೆರೆಗಳು ನುಣ್ಣಗಾಗಿದ್ದವು. ಯಜಮಾನರ ಕಾಯಿಗಳು ಅಂಗಿ ಗುಂಡಿಗಳು, ಅಕ್ಕನವು ಹಸಿರು ಬಳೆಚೂರು, ನನ್ನ ಹೆಂಡತಿಯವು ಒಣಗಿದ ಅವರೆಕಾಳು. ಪಕ್ಕದಲ್ಲಿ ಮಜ್ಜಿಗೆ ಚೊಂಬು. ಅದು ನಮ್ಮ ಮನೆಯದು.

"ಏನೇ ಇದು?" ಎಂದೆ.

"ಆಟ," ಎಂದಳು ಹೆಂಡತಿ, ತಲೆಯೆತ್ತದೆ. ಅಂಗೈಯಲ್ಲಿ ಹುಣಸೆಬೀಜ ಕುಲುಕುತ್ತಿದ್ದಳು.

"ಯಾವಾಗಿಂದ?"

ಉತ್ತರ ಕೊಟ್ಟದ್ದು ಅಕ್ಕ. ಎಪ್ಪತ್ತು ದಾಟಿದ ಹೆಂಗಸು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. "ನಿನ್ನ ಮಗಳು ತೊಟ್ಟಿಲಲ್ಲಿದ್ಲಲ್ಲಪ್ಪ, ಆವಾಗಿಂದ."

ನನ್ನ ಮಗಳಿಗೆ ಮದುವೆಯಾಗಿ, ಹೊಸಕೋಟೆಗೆ ಹೋಗಿ, ಅವಳ ಮಗಳೇ ತೊಟ್ಟಿಲು ಬಿಟ್ಟು ಶಾಲೆಗೆ ಹೋಗುತ್ತಿದ್ದಾಳೆ.

"ನೀವು ಕಂಬದ ಮೇಲಿರ್ತಿದ್ರಿ. ನಾನೊಬ್ಳೇ ಮನೇಲಿ ಸೆಖೆಗೆ ಕೂತು ಏನ್ ಮಾಡ್ಲಿ?" ಎಂದಳು ಹೆಂಡತಿ. ಬೀಜ ಹಾಕಿದಳು. ನಾಲ್ಕೂ ಬೆಳ್ಳಗೆ ಬಿದ್ದವು. "ಚೌಕ!"

ನನಗೆ ಹಳೆಯದೆಲ್ಲ ನೆನಪಾಯಿತು. ಆ ದಿನಗಳಲ್ಲಿ ಬಿಸಿಲಲ್ಲಿ ಬೆಂದು, ಕೈಯೆಲ್ಲ ಕಪ್ಪು ಮಾಡಿಕೊಂಡು ಮನೆಗೆ ಬಂದರೆ ಇವಳು ನೀರು ಕೊಟ್ಟು, "ಬೀದಿಯೋರೆಲ್ಲ ನಿಮ್ಮನ್ನ ಬೈತಾ ಇದ್ರು ಕಣ್ರೀ," ಎಂದು ನೊಂದುಕೊಂಡು ಹೇಳುತ್ತಿದ್ದಳು. ಅದನ್ನು ಕೇಳಿ ಎಷ್ಟೋ ಸಲ ನಾನು ಉಣ್ಣದೆ ಎದ್ದಿದ್ದೇನೆ. ಬೈಯುತ್ತಿದ್ದುದು ಸುಳ್ಳಲ್ಲ. ಬೈಯುವಾಗ ಅವರೆಲ್ಲ ಏನು ಮಾಡುತ್ತಿದ್ದರು ಎಂಬುದನ್ನು ಮಾತ್ರ ಇವಳು ಹೇಳಿರಲಿಲ್ಲ.

"ಹಂಗಾದ್ರೆ ಯಜಮಾನ್ರೇ, ನನ್ನನ್ನ ಬೈತಿದ್ದಿದ್ದು?" ಎಂದೆ.

"ಅದೂ ನಡೀತಿತ್ತು," ಎಂದರು ಅವರು ನಿಧಾನವಾಗಿ. "ಗರ ಬೀಳದೇ ಇದ್ರೆ ಯಾರನ್ನಾದ್ರೂ ಬೈಬೇಕಲ್ಲಪ್ಪಾ. ಎದುರಿಗೆ ಕೂತಿರೋ ನಿನ್ನ ಹೆಂಡ್ತೀನ ಬೈಯೋಕಾಗುತ್ತಾ?"

ನಾನು ಅಲ್ಲೇ ನಿಂತಿದ್ದೆ. ಹೋಗಬೇಕೋ ಇರಬೇಕೋ ತಿಳಿಯಲಿಲ್ಲ. ಚೌಕಾಬಾರಕ್ಕೆ ನಾಲ್ಕು ದಿಕ್ಕು, ನಾಲ್ಕು ಜನ. ಬೀದಿಯ ಕಡೆಯ ದಿಕ್ಕು ಖಾಲಿ ಇತ್ತು. ಅದು ಯಜಮಾನರ ಹೆಂಡತಿ ಕೂರುತ್ತಿದ್ದ ಜಾಗವಂತೆ. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಯಾರೂ ಆ ಕಡೆ ಕೂತಿರಲಿಲ್ಲ.

ಅಕ್ಕ ಸೆರಗಿನಿಂದ ಆ ಕಲ್ಲು ಒರೆಸಿದರು. "ಕೂತ್ಕೊ. ಅವಳೇನೂ ಅಂದ್ಕೊಳಲ್ಲ."

ಯಜಮಾನರು ಹುಣಸೆಬೀಜಗಳನ್ನು ನನ್ನ ಕಡೆಗೆ ಸರಿಸಿದರು. ನಾನು ಮನೆಗೆ ಹೋಗಿ ಹಳೆಯ ತಾಮ್ರದ ತಂತಿಯ ತುಂಡು ತಂದು, ನಾಲ್ಕು ಸುರುಳಿ ಮಾಡಿ, ನನ್ನ ಕಾಯಿಗಳೆಂದು ಇಟ್ಟೆ.

ಆ ಏಪ್ರಿಲ್ ನನ್ನ ಜೀವನದ ಅತ್ಯುತ್ತಮ ತಿಂಗಳುಗಳಲ್ಲಿ ಒಂದು. ಬಿಸಿಲು ಏರಿದಷ್ಟೂ ಕರೆಂಟು ಹೋಗುತ್ತಿತ್ತು, ಹೋದಷ್ಟೂ ನನಗೆ ಹಿಗ್ಗು. ಪೇಪರಿನಲ್ಲಿ ಯಾವ ಯಾವ ಬಡಾವಣೆಗೆ ಇಂದು ವಿದ್ಯುತ್ ಇರುವುದಿಲ್ಲ ಎಂದು ಸಣ್ಣಕ್ಷರದಲ್ಲಿ ಹಾಕುತ್ತಾರಲ್ಲ, ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡುತ್ತಿದ್ದೆ. ನಮ್ಮ ಬೀದಿಯ ಹೆಸರಿದ್ದರೆ ಮದುವೆಯ ಕರೆಯೋಲೆ ಬಂದ ಹಾಗೆ ಓಡಿಹೋಗಿ ಎದುರುಮನೆಗೆ ತಿಳಿಸುತ್ತಿದ್ದೆ.

"ಇವತ್ತು ಹತ್ತರಿಂದ ನಾಲ್ಕು!"

"ನಾಲ್ಕರ ತನಕಾನಾ?" ಎಂದು ಅಕ್ಕ ಕರಬೂಜದ ಹಣ್ಣು ಹೆಚ್ಚಲು ಕೂರುತ್ತಿದ್ದರು. ಬೆಲ್ಲ, ಏಲಕ್ಕಿ ಹಾಕಿ, ಮಣ್ಣಿನ ಮಡಕೆಯ ನೀರು ಬೆರೆಸಿ ಪಾನಕ ಮಾಡಿದರೆ ಅದರಲ್ಲಿ ಹಣ್ಣಿನ ತುಂಡುಗಳು ಬಾಯಿಗೆ ಸಿಗಬೇಕು, ಪೂರ್ತಿ ಕರಗಬಾರದು ಎಂಬುದು ಅವರ ಕಟ್ಟುಪಾಡು. ಕೆಲವು ದಿನ ತಾಟಿನುಂಗು. ಅದರ ಸಿಪ್ಪೆಯನ್ನು ಉಗುರಿನಲ್ಲಿ ಬಿಡಿಸುತ್ತ, ಒಳಗಿನ ನೀರು ಚಿಮ್ಮದ ಹಾಗೆ ಇಡಿಯಾಗಿ ಬಾಯಿಗೆ ಹಾಕಿಕೊಳ್ಳುವುದನ್ನು ಅರವತ್ತನೆಯ ವಯಸ್ಸಿನಲ್ಲಿ ನಾನು ಸರಿಯಾಗಿ ಕಲಿತೆ. ಅದಕ್ಕೆ ಮುಂಚೆ ಯಾವ ಬೇಸಿಗೆಯಲ್ಲೂ ಕೈ ತೊಳೆಯುವಷ್ಟು ಬಿಡುವು ಇರಲಿಲ್ಲ.

ಆಟದಲ್ಲಿ ನಾನು ಕಡೆಯವನು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಗಿನ ಮನೆಗಳಿಗೆ ಹೋಗುವಂತಿಲ್ಲ. ನನ್ನ ತಂತಿಸುರುಳಿಗಳು ಹೊರಗಿನ ಸುತ್ತಿನಲ್ಲೇ ಬೀದಿನಾಯಿಗಳಂತೆ ಅಲೆಯುತ್ತಿದ್ದವು. ಅಕ್ಕ ಮೋಸ ಮಾಡುತ್ತಿದ್ದರು. ಮೂರು ಬಿದ್ದರೆ ನಾಲ್ಕು ಮನೆ ನಡೆಸುತ್ತಿದ್ದರು, ಕೇಳಿದರೆ ಕಣ್ಣು ಮಂಜು ಎನ್ನುತ್ತಿದ್ದರು. ಅದೇ ಕಣ್ಣಿಗೆ ಬೀದಿಯ ಆ ಕೊನೆಯಲ್ಲಿ ಯಾರ ಮನೆಗೆ ನೆಂಟರು ಬಂದರು ಎಂಬುದು ಕಾಣುತ್ತಿತ್ತು. ಯಜಮಾನರು ಒಂದು ಕಾಯಿ ನಡೆಸಲು ಒಂದು ಸೆರಗು ನೇಯುವಷ್ಟು ಹೊತ್ತು ಯೋಚಿಸುತ್ತಿದ್ದರು. ನನ್ನ ಹೆಂಡತಿ ಮಾತ್ರ ಕೈ ಬೀಸಿ ಬೀಜ ಎಸೆದು, ನನ್ನ ಕಾಯಿ ಎಲ್ಲಿದ್ದರೂ ಹುಡುಕಿಕೊಂಡು ಬಂದು ಹೊಡೆಯುತ್ತಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳಿಗೆ ನನ್ನ ಮೇಲೆ ಇಷ್ಟು ಸಿಟ್ಟು ಇತ್ತೆಂದು ನನಗೆ ಗೊತ್ತಿರಲಿಲ್ಲ.

ಕರೆಂಟು ಬಂದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು. ನಿಲ್ಲುವುದೆಂದರೆ, ಯಜಮಾನರು ಬೀಜ ಎಸೆದಿದ್ದರೆ ಅದು ನೆಲಕ್ಕೆ ಬೀಳುವುದರೊಳಗೆ ಅವರು ಎದ್ದು ಒಳಗಿರುತ್ತಿದ್ದರು. ಮೊದಲು ಅವರ ಮಗ್ಗ, ಆಮೇಲೆ ಪಕ್ಕದ್ದು, ಆಮೇಲೆ ಇಡೀ ಬೀದಿಯ ಮಗ್ಗಗಳು ಲಟಪಟ ಎಂದು ಹೊಡೆದುಕೊಳ್ಳಲು ಶುರುವಾಗುತ್ತಿದ್ದವು. ಅಕ್ಕ ಕಾಯಿಗಳನ್ನು ಇದ್ದಲ್ಲೇ ಬಿಟ್ಟು, ಮೇಲೆ ಒಂದು ಮೊರ ಮುಚ್ಚಿ, ಅದರ ಮೇಲೊಂದು ಕಲ್ಲು ಹೇರುತ್ತಿದ್ದರು. ಮುಂದಿನ ಸಲ ಕರೆಂಟು ಹೋದಾಗ ಮೊರ ಎತ್ತಿದರೆ ಆಟ ಅಲ್ಲಿಂದ ಮುಂದಕ್ಕೆ.

ಈಗ ನಾನು ಮಾಡಿಕೊಂಡ ಕೇಡಿನ ವಿಷಯಕ್ಕೆ ಬರಬೇಕು.

ನೌಕರಿಯ ಕೊನೆಯ ವರ್ಷದಲ್ಲಿ ನನಗೊಂದು ಹಟ ಹಿಡಿದಿತ್ತು. ಇಷ್ಟು ವರ್ಷ ಬೈಸಿಕೊಂಡ ಬೀದಿಗೆ ಹೋಗುವ ಮುಂಚೆ ಒಂದು ಒಳ್ಳೆಯ ಕೆಲಸ ಮಾಡಿ ಹೋಗಬೇಕೆಂದು, ನೇಕಾರರ ಬೀದಿಗಳಿಗೆ ಸಬ್‌ಸ್ಟೇಷನ್ನಿನಿಂದ ಪ್ರತ್ಯೇಕ ಲೈನು ಎಳೆಸಲು ಓಡಾಡಿದೆ. ಅರ್ಜಿ ಬರೆದೆ, ಮನೆ ಮನೆಗೆ ಹೋಗಿ ಸಹಿ ಹಾಕಿಸಿದೆ. ಮೊದಲ ಸಹಿ ಎದುರುಮನೆ ಯಜಮಾನರದು. ಮಂಜೂರಾಯಿತು, ಕಂಬ ನೆಟ್ಟರು, ತಂತಿ ಎಳೆದರು. ಕರೆಂಟು ಹರಿಸುವುದೊಂದು ಬಾಕಿ ಇರುವಾಗ ನಾನು ನಿವೃತ್ತನಾದೆ. ಏಪ್ರಿಲ್ಲಿನ ಸಂಭ್ರಮದಲ್ಲಿ ಅದು ಪೂರ್ತಿ ಮರೆತೇ ಹೋಗಿತ್ತು.

ಮೇ ತಿಂಗಳ ಆರಂಭದಲ್ಲಿ ಶಿಷ್ಯ ಫೋನು ಮಾಡಿದ. "ಸಾರ್, ನಿಮ್ಮ ಲೈನು ನಾಳೆ ಚಾರ್ಜ್ ಮಾಡ್ತಾ ಇದೀವಿ. ನೀವೇ ಬಂದು ಕಾಯಿ ಒಡೀಬೇಕು. ಇನ್ಮೇಲೆ ನಿಮ್ಮ ಬೀದೀಲಿ ಕರೆಂಟ್ ಹೋಗೋ ಮಾತೇ ಇಲ್ಲ!"

ಹೋಗದೆ ಇರಲಾಗಲಿಲ್ಲ. ಟ್ರಾನ್ಸ್‌ಫಾರ್ಮರಿಗೆ ಹೂವಿನ ಹಾರ ಹಾಕಿದ್ದರು, ಅರಿಶಿನ ಕುಂಕುಮ ಇಟ್ಟಿದ್ದರು. ನಾನು ಕಾಯಿ ಒಡೆದೆ. ಕಡ್ಲೆಪುರಿ ಹಂಚಿದರು. ಬೀದಿಯ ಪರವಾಗಿ ನನಗೊಂದು ಹಾರ ಹಾಕಿಸಿ, ಯಜಮಾನರನ್ನು ಎರಡು ಮಾತಾಡಿ ಎಂದು ಮುಂದಕ್ಕೆ ತಳ್ಳಿದರು.

"ಈ ಮನುಷ್ಯನ್ನ ನಾನು ಮೂವತ್ತು ವರ್ಷ ಬೈದಿದೀನಿ," ಎಂದರು ಅವರು ಟವೆಲು ಸರಿಮಾಡಿಕೊಂಡು. "ಇವತ್ತಿಂದ ಬೈಯೋಕೆ ಕಾರಣ ಇಲ್ಲ."

ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಯಜಮಾನರು ಹಿಂದಕ್ಕೆ ಬಂದು ನನ್ನ ಪಕ್ಕ ನಿಂತು, ಕಿವಿಯ ಹತ್ತಿರ ಬಗ್ಗಿ, "ಆಟ ಎಲ್ಲಿಗೆ ನಿಂತಿದೆ ಗೊತ್ತಲ್ಲ? ನಿನ್ನ ಹೆಂಡ್ತಿ ಕಡೇ ಕಾಯಿ ಹಣ್ಣಾಗೋಕೆ ಒಂದೇ ಮನೆ," ಎಂದರು. ಆ ದಿನ ಫೋಟೋ ತೆಗೆದಿದ್ದಾರೆ. ಅದರಲ್ಲಿ ನಾವಿಬ್ಬರೂ ಸಾವಿನ ಮನೆಗೆ ಬಂದವರ ಹಾಗೆ ನಿಂತಿದ್ದೇವೆ.

ಶಿಷ್ಯ ಹೇಳಿದ್ದು ನಿಜವಾಯಿತು. ಒಂದು ದಿನ, ಎರಡು ದಿನ, ಒಂದು ವಾರ, ಎರಡು ವಾರ ಕಳೆದರೂ ಕರೆಂಟು ಕಣ್ಣು ಮಿಟುಕಿಸಲಿಲ್ಲ. ಬೆಳಿಗ್ಗೆ ಆರಕ್ಕೆ ಶುರುವಾದ ಮಗ್ಗ ದೀಪ ಹಚ್ಚುವ ಹೊತ್ತು ದಾಟಿದರೂ ನಿಲ್ಲುತ್ತಿರಲಿಲ್ಲ. ಬಿಸಿಲೋ ಬಿಸಿಲು. ಜಗಲಿಯ ಮೇಲೆ ಮೊರ ಹಾಗೇ ಕವುಚಿ ಬಿದ್ದಿತ್ತು, ಅದರ ಮೇಲೆ ಧೂಳು ಕೂತಿತ್ತು. ಹೆಂಡತಿ ಮಧ್ಯಾಹ್ನ ಎರಡು ಸಲ ಬಾಗಿಲಿಗೆ ಹೋಗಿ ಬರುತ್ತಿದ್ದಳು. ಸಾರಿಗೆ ಉಪ್ಪು ಜಾಸ್ತಿಯಾಗುತ್ತಿತ್ತು.

ಅಕ್ಕ ಮಾತ್ರ ಬಾಯಿಬಿಟ್ಟೇ ಹೇಳಿದರು. ನಾನು ಹಾಲು ತರಲು ಹೋಗುತ್ತಿದ್ದೆ. ಅವರು ಬಾಗಿಲು ಸಾರಿಸುತ್ತಿದ್ದರು. "ಲೈನಂತೆ ಲೈನು! ಯಾವ ಪುಣ್ಯಾತ್ಮ ಎಳೆಸಿದನೋ, ಅವನ ಕೈ ಸೇದಿಹೋಗ," ಎಂದವರು ನನ್ನನ್ನು ನೋಡಿ, "ನೀನೇ ಅಲ್ಲವೇನಪ್ಪಾ?" ಎಂದರು. ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಕರೆಂಟು ಹೋದದ್ದಕ್ಕೆ ಬೈಸಿಕೊಂಡದ್ದಾಗಿತ್ತು. ಈಗ ಕರೆಂಟು ಹೋಗದ್ದಕ್ಕೆ.

ನಾಚಿಕೆ ಬಿಟ್ಟು ಒಂದು ದಿನ ಹಳೆಯ ಆಫೀಸಿಗೆ ಹೋದೆ. ನಿವೃತ್ತರು ಪಿಂಚಣಿ ಕಾಗದಕ್ಕೆ ಅಲೆಯುತ್ತಾರೆ, ಯಾರೂ ಆಶ್ಚರ್ಯಪಡಲಿಲ್ಲ. ಟೀ ಕುಡಿದು, ಅದೂ ಇದೂ ಮಾತಾಡಿ, ಎದ್ದು ಹೊರಡುವಾಗ ನೆನಪಾದವನಂತೆ ಶಿಷ್ಯನನ್ನು ಕೇಳಿದೆ. "ಆ ಹೊಸ ಲೈನಲ್ಲಿ ರಿಪೇರಿಗಿಪೇರಿ ಏನೂ ಇಲ್ವೇನಯ್ಯ?"

"ಸಾರ್, ನೀವು ನಿಂತು ಮಾಡಿಸಿದ ಲೈನು! ಆರು ತಿಂಗಳು ಕೈ ಹಾಕೋ ಹಂಗೇ ಇಲ್ಲ."

"ಮರದ ಕೊಂಬೆ ಏನಾದ್ರೂ ತಾಗ್ತಾ ಇದ್ರೆ..."

"ಎಲ್ಲಾ ಕಡಿಸಿಬಿಟ್ಟಿದೀನಿ ಸಾರ್. ನೀವು ಯೋಚನೆ ಮಾಡ್ಬೇಡಿ."

ಅವನಿಗೆ ಕೆಲಸ ಇಷ್ಟು ಚೆನ್ನಾಗಿ ಕಲಿಸಿದ್ದು ನಾನೇ. ಯಾರ ಮೇಲೆ ತಪ್ಪು ಹೊರಿಸುವುದು?

ಅದೇ ಸಂಜೆ ಯಜಮಾನರು ಮುಖ ತೊಳೆಯಲು ಹೊರಗೆ ಬಂದಿದ್ದರು. ಎರಡು ವಾರದಲ್ಲಿ ಮನುಷ್ಯ ಇಳಿದುಹೋಗಿದ್ದರು.

"ಸೀರೆ ಜಾಸ್ತಿ ಆಗ್ತಾ ಇದೆಯಾ ಯಜಮಾನ್ರೇ?" ಎಂದೆ.

"ಆಗ್ತಾ ಇದೆ," ಎಂದರು, ಜ್ವರದ ವಿಷಯ ಹೇಳುವವರ ಹಾಗೆ.

"ಮಧ್ಯಾಹ್ನ ಒಂದು ಗಂಟೆ ಮಗ್ಗ ನಿಲ್ಸಿದ್ರೆ ಏನಾಗುತ್ತೆ?"

ಅವರು ಮುಖ ಒರೆಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಕರೆಂಟ್ ಇದ್ದಾಗ ನಿಲ್ಸೋದಾ?"

ಜಗಲಿಯ ಅಂಚಿಗೆ ಕೂತು ಹೇಳಿದರು. "ನೋಡಪ್ಪಾ, ನಿನಗೆ ಕಂಪನಿ ಅಂತ ಒಂದಿತ್ತು. ಅರವತ್ತು ಆಯ್ತು, ಹಾರ ಹಾಕಿ, ಸಾಕು ಮನೇಗೆ ಹೋಗು ಅಂದ್ರು. ನನಗೆ ಅರವತ್ತಾರು. ಸಾಕು ಅನ್ನೋರು ಯಾರಿದಾರೆ? ನಮ್ಮಪ್ಪ ಕೈಮಗ್ಗದ ಗುಂಡೀಲಿ ಕಾಲಿಳಿಬಿಟ್ಟು ಕೂತವನು, ಹಾಗೇ ಹೋದ. ನನ್ನ ಹೆಂಡ್ತಿ ಹೋದಾಗ ಹದಿಮೂರು ದಿನ ನಿಂತಿತ್ತು ಮಗ್ಗ. ಆಮೇಲೆ ನಿಲ್ಲೋದು ನೀವು ಕರೆಂಟ್ ತೆಗೆದಾಗಲೇ. ಅದೇ ನನಗೆ ರಜ. ಅದು ನನ್ನ ತಪ್ಪಲ್ಲ, ಯಾರೂ ಏನೂ ಅನ್ನಂಗಿಲ್ಲ. ನಿನ್ನನ್ನ ಬೈದು ಬಂದು ಕೂತ್ಕೊಂಡ್ರೆ ಎಷ್ಟು ಹಗುರ ಆಗ್ತಿತ್ತು ಗೊತ್ತಾ."

ಅವರು ಎದ್ದು ಒಳಗೆ ಹೋದರು. ಮಗ್ಗ ಕೂಗುತ್ತಲೇ ಇತ್ತು. ನಾನು ಬೀದಿಯ ಉದ್ದಕ್ಕೂ ಆ ಹೊಸ ತಂತಿಯನ್ನು ನೋಡುತ್ತ ನಿಂತೆ. ಒಂದು ಕಡೆಯೂ ಜೋತುಬಿದ್ದಿರಲಿಲ್ಲ. ಬಹಳ ಒಳ್ಳೆಯ ಕೆಲಸ.

ಇದಾಗಿ ಮೂರು ನಾಲ್ಕು ದಿನ ಕಳೆದಿರಬೇಕು. ಮಧ್ಯಾಹ್ನ ಎರಡು ಗಂಟೆ. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಹೆಂಡತಿ ನಡುಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದಳು. ಇದ್ದಕ್ಕಿದ್ದಂತೆ ಎದುರುಮನೆಯ ನಾಲ್ಕು ಮಗ್ಗಗಳೂ ಒಟ್ಟಿಗೆ ನಿಂತವು. ಬಾಗಿಲು ತೆರೆಯಿತು. ಯಜಮಾನರು ಟವೆಲಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತ ಜಗಲಿಗೆ ಬಂದು, ಯಾರನ್ನೂ ನೋಡದೆ, "ಕರೆಂಟ್ ಹೋಯ್ತು ಕಣಪ್ಪಾ," ಎಂದರು.

ಪಕ್ಕದ ಮನೆಯಲ್ಲಿ ಮಗ್ಗ ಲಟಪಟ ಎನ್ನುತ್ತಿತ್ತು. ಅದರ ಪಕ್ಕದ ಮನೆಯಲ್ಲೂ. ನಮ್ಮ ಹಿಂದಿನ ಮನೆಯಲ್ಲೂ. ಮೂವತ್ತಾರು ವರ್ಷ ಕರೆಂಟಿನ ಜೊತೆ ಬಾಳಿದವನಿಗೆ ಅದು ಹೋಗಿದೆಯೋ ಇದೆಯೋ ತಿಳಿಯಲು ದೀಪ ಹಚ್ಚಿ ನೋಡಬೇಕಾಗಿಲ್ಲ. ನಾನು ಯಜಮಾನರನ್ನು ನೋಡಿದೆ. ಅವರು ಹೊಂಗೆ ಮರವನ್ನು ನೋಡುತ್ತಿದ್ದರು. ಕಿವಿ ಕೆಂಪಗಾಗಿತ್ತು. ಮಗ್ಗದ ಮನೆಯ ಆಳು ಅವರ ಹಿಂದೆಯೇ ಬಂದು, ಏನೂ ಅರ್ಥವಾಗದವನಂತೆ ಒಮ್ಮೆ ಒಳಗೆ, ಒಮ್ಮೆ ಹೊರಗೆ ನೋಡಿ, ಊಟದ ಡಬ್ಬಿ ತೆಗೆದುಕೊಂಡು ಮರದ ಕಡೆಗೆ ನಡೆದ.

ನನ್ನ ಹೆಂಡತಿ ಹುರುಳಿಕಾಯಿ ಮೊರ ಪಕ್ಕಕ್ಕಿಟ್ಟು ಎದ್ದು ಬಂದಳು. "ಹೌದಣ್ಣ, ನಮ್ಮನೇಲೂ ಇಲ್ಲ," ಎಂದಳು ಗಟ್ಟಿಯಾಗಿ. ಅವಳ ಬೆನ್ನ ಹಿಂದೆ ನಮ್ಮ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅವಳ ಸೆರಗು ಗಾಳಿಗೆ ಹಾರಾಡುತ್ತಿತ್ತು.

ಅಕ್ಕ ಆಗಲೇ ಜಗಲಿಯ ಮೇಲಿನ ಮೊರ ಎತ್ತಿ ಧೂಳು ಕೊಡವುತ್ತಿದ್ದರು. "ಅದೇನಪ್ಪಾ, ಪಕ್ಕದ ಮನೇಲಿ ಇರೋ ಹಂಗಿದೆ?" ಎಂದು ನನ್ನನ್ನೇ ಕೇಳಿದರು. ಆ ದನಿಯಲ್ಲಿ ಪ್ರಶ್ನೆ ಇರಲಿಲ್ಲ, ಅಪ್ಪಣೆ ಇತ್ತು.

ಮೂವರೂ ನನ್ನ ಮುಖ ನೋಡಿದರು. ಬೀದಿಯಲ್ಲಿ ತಿಳಿದವನು ನಾನೊಬ್ಬನೇ.

"ಒಂದು ಫೇಸ್ ಹೋಗಿರಬೇಕು ಅಕ್ಕಾ," ಎಂದೆ. "ಕೆಲವು ಮನೇಗೆ ಇರುತ್ತೆ, ಕೆಲವು ಮನೇಗೆ ಇರಲ್ಲ."

"ಎಷ್ಟೊತ್ತಿಗೆ ಬರಬಹುದು?" ಎಂದರು ಯಜಮಾನರು, ಈಗಲೂ ಮರವನ್ನೇ ನೋಡುತ್ತ.

ನಾನು ತಂತಿಯನ್ನು ಗಂಭೀರವಾಗಿ ನೋಡಿದೆ. "ಒಂದು ಗಂಟೆ ಆಗುತ್ತೆ. ಮೂರಕ್ಕೆ ಬರುತ್ತೆ."

ಕೂತೆವು. ಮೊದಲ ಸರದಿ ನನ್ನ ಹೆಂಡತಿಯದೇ. ಹಣ್ಣಾಗಲು ಒಂದು ಬೀಳಬೇಕು. ಬಾರ ಬಿತ್ತು, ಚೌಕ ಬಿತ್ತು, ಎರಡು ಬಿತ್ತು, ಒಂದು ಮಾತ್ರ ಬೀಳಲೊಲ್ಲದು. ಅಷ್ಟರಲ್ಲಿ ಅಕ್ಕ ಕಣ್ಣು ಮಂಜು ಮಾಡಿಕೊಂಡು ಎರಡು ಕಾಯಿ ಒಳಕ್ಕೆ ಸೇರಿಸಿದರು. ಯಜಮಾನರು ನನ್ನ ಕಾಯಿಯನ್ನು ಹೊಡೆದು, ಬಹಳ ದಿನದ ಮೇಲೆ ನಕ್ಕರು. ಹಿಂದೆ ಪಕ್ಕದ ಮನೆಯ ಮಗ್ಗ ಹೊಡೆದುಕೊಳ್ಳುತ್ತಲೇ ಇತ್ತು. ಯಾರ ಕಿವಿಗೂ ಬೀಳಲಿಲ್ಲ. ಕೊನೆಗೆ ನನ್ನ ಹೆಂಡತಿಗೆ ಒಂದು ಬಿತ್ತು. ಅವರೆಕಾಳನ್ನು ಆಟದ ನಡುವಿನ ಮನೆಗೆ ಇಟ್ಟು, "ಹಣ್ಣು!" ಎಂದು ಕೂಗಿದ್ದು ಬೀದಿಯ ಕೊನೆಗೂ ಕೇಳಿರಬೇಕು.

ಯಜಮಾನರು ಎದ್ದು ಮೈಮುರಿದರು. "ನೋಡ್ತೀನಿ, ಬಂತೇನೋ," ಎಂದು ಒಳಗೆ ಹೋದರು. ಮಗ್ಗಗಳು ಶುರುವಾದವು. ಗಡಿಯಾರದಲ್ಲಿ ಸರಿಯಾಗಿ ಮೂರು. ನಾನು ಹೇಳಿದ ಹೊತ್ತಿಗೆ ಕರೆಂಟು ಬಂದದ್ದು ಅದೇ ಮೊದಲು.

ಮರುದಿನವೂ ಒಂದು ಫೇಸ್ ಹೋಯಿತು. ಅದರ ಮರುದಿನವೂ. ಎರಡರಿಂದ ಮೂರು. ಆ ಬಗ್ಗೆ ನಾವು ನಾಲ್ವರೂ ಒಂದು ಮಾತೂ ಆಡಿಕೊಳ್ಳಲಿಲ್ಲ, ಇಂದಿಗೂ ಆಡಿಲ್ಲ. ಯಜಮಾನರ ಮುಖಕ್ಕೆ ಬಣ್ಣ ಬಂತು. ಅಕ್ಕ ನನ್ನ ಕೈಯನ್ನು ಶಪಿಸುವುದು ನಿಂತಿತು.

ಮೇ ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ನಮ್ಮ ಬೀದಿಯ ಮೂರನೇ ಮನೆಯ ನೇಕಾರರು ನನ್ನ ಬಾಗಿಲಿಗೆ ಬಂದು ನಿಂತರು. ಐವತ್ತೈದರ ಆಸುಪಾಸಿನ ಮನುಷ್ಯ. ಮಾತು ಕಡಿಮೆ. ಎರಡೂ ಕಡೆ ನೋಡಿ, ದನಿ ತಗ್ಗಿಸಿ, "ಸಾರ್, ನಮ್ಮ ಮನೆ ಲೈನ್ ಸ್ವಲ್ಪ ನೋಡ್ಬೇಕಿತ್ತು," ಎಂದರು.

"ಕರೆಂಟ್ ಬರ್ತಾ ಇಲ್ವಾ?"

"ಬರ್ತಾ ಇದೆ ಸಾರ್. ಅದೇ." ಅವರು ಗಂಟಲು ಸರಿಮಾಡಿಕೊಂಡರು. "ನಿಮ್ಮ ಎದುರುಮನೆ ಯಜಮಾನ್ರಿಗೆ ದಿನಾ ಮಧ್ಯಾಹ್ನ ಒಂದು ಗಂಟೆ ಹೋಗುತ್ತಲ್ಲ, ಫೇಸು... ನಮಗೂ ಹಂಗೇ ಹೋಗೋ ಹಂಗೆ ಮಾಡ್ಕೊಡೋಕಾಗುತ್ತಾ ಅಂತ. ನಿಮ್ಮ ಕೈಲಿ ಆಗುತ್ತೆ ಅಂತ ಹೆಂಡ್ತಿ ಹೇಳಿದ್ಲು."

ನೌಕರಿಯ ಅವಧಿಯಲ್ಲಿ ನಾನು ಸಾವಿರಾರು ದೂರು ಕೇಳಿದ್ದೇನೆ. ಇಂಥದ್ದು ಬಂದಿರಲಿಲ್ಲ. ಎರಡು ಗಂಟೆಗೆ ಅವರ ಮನೆಗೆ ಹೋದೆ. ಮಗ್ಗದ ಮನೆ ಬೆಂಕಿಯಂತೆ ಕಾದಿತ್ತು, ಎರಡು ಮಗ್ಗ ಓಡುತ್ತಿದ್ದವು. ಬಾಗಿಲ ಪಕ್ಕದ ಗೋಡೆಯಲ್ಲಿ, ಅವರು ದಿನಾ ಬೆಳಿಗ್ಗೆ ಮುಟ್ಟಿ ನಮಸ್ಕಾರ ಮಾಡುವ ಮೇನ್ ಸ್ವಿಚ್ಚಿಗೆ ಕುಂಕುಮ ಹಚ್ಚಿತ್ತು. ಅದನ್ನು ತೋರಿಸಿದೆ.

"ಕೆಳಕ್ಕೆ ಎಳೀರಿ," ಎಂದೆ.

"ನಾನೇನಾ?"

"ನೀವೇ."

ಅವರು ಕೈ ಒರೆಸಿಕೊಂಡರು. ಒಂದು ಸಲ ಮಗ್ಗದ ಕಡೆ, ಒಂದು ಸಲ ನನ್ನ ಕಡೆ ನೋಡಿ, ಕಣ್ಣು ಕಿರಿದುಮಾಡಿ ಎಳೆದರು. ಲಾಳಿ ಅರ್ಧ ದಾರಿಯಲ್ಲಿ ನಿಂತಿತು. ಮೌನವಾಯಿತು. ಅವರು ಎರಡೂ ಕೈ ಇಳಿಬಿಟ್ಟು, ಬಸ್ಸು ತಪ್ಪಿದವರ ಹಾಗೆ ನಿಂತರು.

"ಈಗ ಏನ್ ಮಾಡ್ಲಿ ಸಾರ್?"

"ಹೊರಗೆ ಬನ್ನಿ," ಎಂದೆ.

ಹೊರಗೆ ಅವರ ಹೆಂಡತಿ ಬಾಗಿಲ ಮುಂದಿನ ಕಲ್ಲಿನ ಮೇಲೆ ಚಾಪೆ ಹಾಸಿ, ತಾಟಿನುಂಗಿನ ಬುಟ್ಟಿ ಮುಂದಿಟ್ಟುಕೊಂಡು, ಆಗಲೇ ಸಿಪ್ಪೆ ಬಿಡಿಸುತ್ತ ಕೂತಿದ್ದರು.